ಅಡಿಬಟ್ಟೆಯ ಅಳತೆ

'ಹಾಸಿಗೆ ಇದ್ದಷ್ಟು ಕಾಲು ಚಾಚು' ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಇರುವುದರಲ್ಲಿ ತೃಪ್ತಿಯಿಂದ ಬಾಳಬೇಕೆಂಬ ಹಿತವಚನ ಅದರಲ್ಲಿ ಅಡಗಿದೆ. ಆದರೆ ಈ ಮಾತು ಹಾಸಿಗೆಯ ಮೇಲೆ ಮಲಗುವವರಿಗೆ ಹೇಳಿದುದೇ ಹೊರತು ಹಾಸಿಗೆಯನ್ನು ಹೊಲಿಯುವವರಿಗೆ ಹೇಳಿದುದಲ್ಲ. ಹೊಲಿಯುವವರು ಮೊದಲು ಕಾಲಿನ ಅಳತೆಯನ್ನು ತಿಳಿದು, ಅನಂತರ ಬಟ್ಟೆಗೆ ಕತ್ತರಿ ಹಾಕಬೇಕಾಗುತ್ತದೆ. 'ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು' ಎಂದು ಹಿರಿಯರು ಹೇಳುತ್ತಾರೆ. ಆ ಸಾಲಿಗೆ ಕತ್ತರಿಸಿದ ಬಟ್ಟೆಯನ್ನೂ ಸೇರಿಸಬಹುದು. ಕತ್ತರಿಸುವ ಮುನ್ನ ಬಟ್ಟೆ ಹೇಳಿದಂತೆ ಕೇಳುತ್ತದೆ. ಕತ್ತರಿಸಿದ ಮೇಲೆ ಅದು ಯಾರ ಮಾತನ್ನೂ ಕೇಳುವುದಿಲ್ಲ.

ಉತ್ತರ ಕರ್ನಾಟಕದ ಮನೆಗಳಲ್ಲಿ ಕೌದಿ ಎಂಬುದು ಅತ್ಯಂತ ಪರಿಚಿತವಾದ ವಸ್ತು. ಉಟ್ಟು ಹಳತಾದ ಸೀರೆ, ಧೋತರಗಳನ್ನು ಒಗೆದು, ಹರಿದ ಭಾಗವನ್ನು ತೆಗೆದು, ಗಟ್ಟಿಯಾಗಿ ಉಳಿದ ತುಂಡುಗಳನ್ನು ಪದರ ಪದರವಾಗಿ ಹಾಸಿ, ಸಾಲುಸಾಲಾಗಿ ಹೊಲಿಗೆ ಹಾಕಿ ಕೌದಿಯನ್ನು ಸಿದ್ಧಪಡಿಸುತ್ತಾರೆ. ಚಳಿಗಾಲದಲ್ಲಿ ಅದು ಹೊದಿಕೆ, ಬೇಸಿಗೆಯಲ್ಲಿ ಹಾಸಿಗೆ, ಹಸುಗೂಸಿಗೆ ತೊಟ್ಟಿಲಿನ ಮೆತ್ತೆ. ಅಜ್ಜಿಯ ಸೀರೆಯ ಸೆರಗು, ಅಜ್ಜನ ಧೋತರದ ಅಂಚು, ಮಕ್ಕಳ ಅಂಗಿಯ ತುಂಡು ಇವೆಲ್ಲ ಒಂದೇ ಕೌದಿಯಲ್ಲಿ ಸೇರಿ ಒಂದು ಮನೆತನದ ಚರಿತ್ರೆಯೇ ಆಗುತ್ತವೆ. ಕೌದಿಯನ್ನು ನೋಡಿದವರು ಅದರ ಮೇಲ್ಭಾಗದ ಬಣ್ಣಗಳನ್ನು ಮೆಚ್ಚುತ್ತಾರೆ. ಅದನ್ನು ಮಗುಚಿ, ಅಡಿಯಲ್ಲಿ ಹಾಸಿರುವ ಬಟ್ಟೆಯನ್ನು ನೋಡುವವರು ವಿರಳ. ಆದರೆ ಅಷ್ಟು ತುಂಡುಗಳ ಭಾರವನ್ನೂ, ಅಷ್ಟು ಹೊಲಿಗೆಗಳ ಎಳೆತವನ್ನೂ ತಾಳಿಕೊಂಡು ನಿಲ್ಲುವುದು ಆ ಅಡಿಬಟ್ಟೆಯೇ.

ಬಟ್ಟೆಯ ಪದರಗಳನ್ನು ಸೇರಿಸಿ ಹೊಲಿಯುವ ಈ ಕಲೆ ಕರ್ನಾಟಕಕ್ಕೆ ಮಾತ್ರ ಸೀಮಿತವಾದುದಲ್ಲ. ಬಂಗಾಳದಲ್ಲಿ ಇದೇ ಬಗೆಯ ಹೊದಿಕೆಗೆ 'ಕಾಂಥಾ' ಎಂದು ಹೆಸರು. ದೂರದ ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಇದನ್ನು 'ಕ್ವಿಲ್ಟ್' ಎಂದು ಕರೆಯುತ್ತಾರೆ. ಅಲ್ಲಿ ಈ ಕಲೆಗೆ ದೊರೆತಿರುವ ಗೌರವ ಅಪಾರವಾದುದು. ನೆಬ್ರಾಸ್ಕ ರಾಜ್ಯದ ಲಿಂಕನ್ ನಗರದ ವಿಶ್ವವಿದ್ಯಾಲಯದಲ್ಲಿ 1997ರಲ್ಲಿ ಕ್ವಿಲ್ಟುಗಳ ಅಧ್ಯಯನಕ್ಕಾಗಿಯೇ ಒಂದು ಕೇಂದ್ರವು ಸ್ಥಾಪನೆಗೊಂಡಿತು. 2008ರಲ್ಲಿ ಅದಕ್ಕೆ ಸ್ವಂತ ಕಟ್ಟಡವೂ ಆಯಿತು. ಹೆಂಗಸರು ಮನೆಯ ಮೂಲೆಯಲ್ಲಿ ಕುಳಿತು ಹೊಲಿದ ಹೊದಿಕೆಗಳು ಈಗ ಅಲ್ಲಿ ಚಿತ್ರಕಲೆಯ ಕೃತಿಗಳಂತೆ ಸಂರಕ್ಷಿತವಾಗಿವೆ.

ಅಮೆರಿಕದ ಕ್ವಿಲ್ಟಿನಲ್ಲಿ ಸಾಮಾನ್ಯವಾಗಿ ಮೂರು ಪದರಗಳಿರುತ್ತವೆ. ಬಗೆಬಗೆಯ ಬಣ್ಣದ ತುಂಡುಗಳನ್ನು ಚೌಕ, ತ್ರಿಕೋನ, ನಕ್ಷತ್ರಗಳ ಆಕಾರದಲ್ಲಿ ಜೋಡಿಸಿದ ಮೇಲ್ಬಟ್ಟೆ ಮೊದಲನೆಯದು. ಬೆಚ್ಚಗಿಡುವ ಹತ್ತಿಯ ಇಲ್ಲವೆ ಉಣ್ಣೆಯ ಮೆತ್ತನೆಯ ಪದರ ನಡುವಿನದು. ಇವೆರಡನ್ನೂ ಹೊತ್ತು ನಿಲ್ಲುವ ಅಡಿಬಟ್ಟೆ ಕೊನೆಯದು. ಮೂರೂ ಪದರಗಳನ್ನು ತೂರಿ ಬರುವ ಹೊಲಿಗೆ ಅವುಗಳನ್ನು ಒಂದೇ ವಸ್ತುವನ್ನಾಗಿ ಮಾಡುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿನ ಹಳ್ಳಿಗಳ ಹೆಂಗಸರು ಒಂದು ಮನೆಯಲ್ಲಿ ನೆರೆದು, ಮರದ ಚೌಕಟ್ಟಿಗೆ ಅಡಿಬಟ್ಟೆಯನ್ನು ಬಿಗಿದು, ಅದರ ಮೇಲೆ ಉಳಿದೆರಡು ಪದರಗಳನ್ನು ಹಾಸಿ, ಸುತ್ತಲೂ ಕುಳಿತು ಮಾತನಾಡುತ್ತ ಹೊಲಿಯುತ್ತಿದ್ದರು. ಒಬ್ಬರ ಮನೆಯ ಹೊದಿಕೆಗೆ ಊರಿನ ಹತ್ತಾರು ಕೈಗಳು ನೆರವಾಗುತ್ತಿದ್ದವು.

ಕಾಲಕ್ರಮದಲ್ಲಿ ಈ ಕೆಲಸಕ್ಕೂ ಯಂತ್ರ ಬಂದಿತು. ಮನೆಯ ಹೊಲಿಗೆಯಂತ್ರದ ಸೂಜಿಗೂ ಅದರ ಕಂಬಕ್ಕೂ ನಡುವೆ ಇರುವ ಸ್ಥಳ ಕಿರಿದು. ಮಂಚದಷ್ಟು ದೊಡ್ಡದಾದ ಮೂರು ಪದರದ ಹೊದಿಕೆಯನ್ನು ಸುರುಳಿ ಸುತ್ತಿ ಆ ಇಕ್ಕಟ್ಟಿನಲ್ಲಿ ತೂರಿಸಿ ಹೊಲಿಯುವುದು ಪ್ರಯಾಸದ ಕೆಲಸ. ಈ ತೊಡಕನ್ನು ನಿವಾರಿಸಲು ರೂಪುಗೊಂಡುದೇ 'ಲಾಂಗ್‌ಆರ್ಮ್' ಎಂಬ ಯಂತ್ರ. ಅದನ್ನು ನೀಳತೋಳಿನ ಯಂತ್ರವೆಂದು ಕರೆಯಬಹುದು. ಮನೆಯ ಯಂತ್ರದಲ್ಲಿ ಸೂಜಿ ಇದ್ದಲ್ಲೇ ಇದ್ದು ಬಟ್ಟೆ ಚಲಿಸುತ್ತದೆ. ನೀಳತೋಳಿನ ಯಂತ್ರದಲ್ಲಿಯಾದರೋ ಬಟ್ಟೆ ಚೌಕಟ್ಟಿನಲ್ಲಿ ಬಿಗಿಯಾಗಿ ನಿಂತಿರುತ್ತದೆ, ಯಂತ್ರವೇ ಹಳಿಗಳ ಮೇಲೆ ಹಿಂದೆ ಮುಂದೆ, ಎಡಕ್ಕೆ ಬಲಕ್ಕೆ ಸರಿಯುತ್ತದೆ. ಕಾಗದವನ್ನು ಸ್ಥಿರವಾಗಿಟ್ಟು ಲೇಖನಿಯನ್ನು ಓಡಿಸಿದಂತೆ ಇಲ್ಲಿ ಸೂಜಿಯನ್ನು ಓಡಿಸಬಹುದು.

ಈ ಯಂತ್ರದ ಚೌಕಟ್ಟು ಹತ್ತು ಹನ್ನೆರಡು ಅಡಿಗಳಷ್ಟು ಉದ್ದವಾಗಿರುತ್ತದೆ. ಅದಕ್ಕೆ ಅಡ್ಡಲಾಗಿ ಉದ್ದನೆಯ ಉರುಳೆಗಳಿರುತ್ತವೆ. ಉರುಳೆಗಳಿಗೆ ದಪ್ಪ ಕ್ಯಾನ್ವಾಸಿನ ಪಟ್ಟಿಗಳನ್ನು ಅಂಟಿಸಿರುತ್ತಾರೆ. ಅಡಿಬಟ್ಟೆಯ ಒಂದು ತುದಿಯನ್ನು ಮುಂದಿನ ಉರುಳೆಯ ಪಟ್ಟಿಗೂ, ಇನ್ನೊಂದು ತುದಿಯನ್ನು ಹಿಂದಿನ ಉರುಳೆಯ ಪಟ್ಟಿಗೂ ಗುಂಡುಸೂಜಿಗಳಿಂದ ಸಿಕ್ಕಿಸಿ ಬಿಗಿಯಾಗಿ ಸುತ್ತುತ್ತಾರೆ. ಎಡಬಲ ಅಂಚುಗಳನ್ನು ಕ್ಲಿಪ್ಪುಗಳಿಂದ ಹಿಡಿದು ಎಳೆದು ನಿಲ್ಲಿಸುತ್ತಾರೆ. ಉರುಳೆಗಳ ನಡುವೆ ತೆರೆದು ಕಾಣುವ ಒಂದು ಪಟ್ಟಿಯಷ್ಟು ಭಾಗವನ್ನು ಹೊಲಿದು ಮುಗಿಸಿದ ಮೇಲೆ ಉರುಳೆಯನ್ನು ತಿರುಗಿಸಿ ಮುಂದಿನ ಪಟ್ಟಿಗೆ ಹೋಗುತ್ತಾರೆ. ಹೀಗೆ ಇಡೀ ಹೊದಿಕೆ ಒಂದು ಉರುಳೆಯಿಂದ ಬಿಚ್ಚಿಕೊಂಡು ಮತ್ತೊಂದಕ್ಕೆ ಸುತ್ತಿಕೊಳ್ಳುತ್ತದೆ. ಚೌಕಟ್ಟನ್ನು ಹಿಡಿದಿರುವುದು ಮೇಲ್ಬಟ್ಟೆಯಲ್ಲ, ಅಡಿಬಟ್ಟೆ ಎಂಬುದನ್ನು ಇಲ್ಲಿ ಗಮನಿಸಬೇಕು.

ಇಂಥ ದೊಡ್ಡ ಯಂತ್ರ ಎಲ್ಲರ ಮನೆಯಲ್ಲಿಯೂ ಇರುವುದಿಲ್ಲ. ಆದುದರಿಂದ ಅನೇಕರು ಮೇಲ್ಬಟ್ಟೆಯನ್ನು ಮನೆಯಲ್ಲಿ ಜೋಡಿಸಿ, ಅಡಿಬಟ್ಟೆಯೊಡನೆ ಯಂತ್ರವುಳ್ಳವರ ಬಳಿಗೆ ಒಯ್ಯುತ್ತಾರೆ. ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಬಿಡುವಿನ ಗಳಿಗೆಗಳನ್ನು ಕೂಡಿಸಿ ಜೋಡಿಸಿದ ಮೇಲ್ಬಟ್ಟೆ ಅದು. ತೀರಿಕೊಂಡ ತಾಯಿಯ ಉಡುಪುಗಳಿಂದ ಮಗಳೊಬ್ಬಳು ಅದನ್ನು ಮಾಡಿರಬಹುದು. ಅಂಥ ಬಟ್ಟೆ ಮತ್ತೆ ಯಾವ ಅಂಗಡಿಯಲ್ಲಿಯೂ ದೊರೆಯುವುದಿಲ್ಲ. ಅದನ್ನು ಹೊರಬೇಕಾದ ಅಡಿಬಟ್ಟೆಯನ್ನು ಕಣ್ಣಂದಾಜಿನಲ್ಲಿ ಕತ್ತರಿಸಿದ್ದರೆ ಆಗುವ ಅನರ್ಥವನ್ನು ಊಹಿಸಿಕೊಳ್ಳಬಹುದು. ಮೊದಲ ಪಟ್ಟಿ ಸರಿಯಾಗಿ ಬರುತ್ತದೆ. ಎರಡನೆಯದೂ ಮೂರನೆಯದೂ ಸರಿಯಾಗಿಯೇ ಬರುತ್ತವೆ. ಕೊನೆಯ ಪಟ್ಟಿಗೆ ಬಂದಾಗ ಮೇಲ್ಬಟ್ಟೆ ಇನ್ನೂ ಮೂರು ಅಂಗುಲ ಉಳಿದಿರುತ್ತದೆ, ಅಡಿಬಟ್ಟೆ ಮುಗಿದುಹೋಗಿರುತ್ತದೆ. ಅಷ್ಟರಲ್ಲಿ ಸಾವಿರಾರು ಹೊಲಿಗೆಗಳು ಮೂರು ಪದರಗಳನ್ನೂ ಬೆಸೆದುಬಿಟ್ಟಿರುತ್ತವೆ. ಬಿಚ್ಚಿದರೆ ಬಟ್ಟೆಯ ತುಂಬ ಸೂಜಿಯ ತೂತುಗಳು. ತೇಪೆ ಹಾಕಿದರೆ ಕೊನೆಯವರೆಗೂ ಕಣ್ಣಿಗೆ ಚುಚ್ಚುವ ಗುರುತು. ತಪ್ಪು ನಡೆದುದು ಕತ್ತರಿ ಹಾಕಿದ ಮೊದಲ ದಿನ. ಅದು ಬೆಳಕಿಗೆ ಬಂದುದು ಕೆಲಸದ ಕೊನೆಯ ದಿನ. ಅಳತೆಯ ತಪ್ಪುಗಳ ಸ್ವಭಾವವೇ ಇಂಥದು.

ಹಾಗಾದರೆ ಅಡಿಬಟ್ಟೆ ಎಷ್ಟು ದೊಡ್ಡದಾಗಿರಬೇಕು? ಮೇಲ್ಬಟ್ಟೆಗಿಂತ ನಾಲ್ಕು ಕಡೆಗಳಲ್ಲಿಯೂ ನಾಲ್ಕು ನಾಲ್ಕು ಅಂಗುಲ, ಎಂದರೆ ಸುಮಾರು 10 ಸೆಂಟಿಮೀಟರ್ ಹೆಚ್ಚಾಗಿರಬೇಕೆಂಬುದು ಈ ಯಂತ್ರದಲ್ಲಿ ಹೊಲಿಯುವವರು ಸಾಮಾನ್ಯವಾಗಿ ಅನುಸರಿಸುವ ಕ್ರಮ. ಇದು ಬರಿಯ ಎಚ್ಚರಿಕೆಯ ಮಾತಲ್ಲ. ಅದಕ್ಕೆ ಸ್ಪಷ್ಟವಾದ ಕಾರಣಗಳಿವೆ. ಮೊದಲನೆಯದಾಗಿ, ಮೇಲಿನ ಮತ್ತು ಕೆಳಗಿನ ತುದಿಗಳ ಒಂದಿಷ್ಟು ಬಟ್ಟೆ ಕ್ಯಾನ್ವಾಸ್ ಪಟ್ಟಿಗೆ ಸಿಕ್ಕಿಸುವುದರಲ್ಲಿಯೇ ವಿನಿಯೋಗವಾಗುತ್ತದೆ. ಯಂತ್ರದ ತಲೆ ಉರುಳೆಯ ತೀರ ಹತ್ತಿರಕ್ಕೆ ಹೋಗಲಾರದು. ಎರಡನೆಯದಾಗಿ, ಪಕ್ಕದ ಕ್ಲಿಪ್ಪುಗಳು ಹಿಡಿಯಲು ಬಟ್ಟೆ ಬೇಕು. ಅಂಚು ಕಿರಿದಾದರೆ ಓಡುವ ಯಂತ್ರ ಕ್ಲಿಪ್ಪಿಗೆ ತಾಗಿ ಹೊಲಿಗೆ ವಕ್ರವಾಗುತ್ತದೆ. ಮೂರನೆಯದಾಗಿ, ದಾರದ ಬಿಗಿತ ಸರಿಯಾಗಿದೆಯೇ ಎಂದು ಹೊಲಿದು ನೋಡಲು ಒಂದು ಮೂಲೆ ಬೇಕಾಗುತ್ತದೆ. ಆ ಪರೀಕ್ಷೆಯನ್ನು ಮೇಲ್ಬಟ್ಟೆಯ ಮೇಲೆ ಮಾಡುವಂತಿಲ್ಲ.

ನಾಲ್ಕನೆಯ ಕಾರಣ ಎಲ್ಲಕ್ಕಿಂತ ಸೂಕ್ಷ್ಮವಾದುದು. ಹೊಲಿಗೆ ಬಿದ್ದಂತೆಲ್ಲ ಬಟ್ಟೆ ಒಳಕ್ಕೆ ಎಳೆಯಲ್ಪಡುತ್ತದೆ. ಚಪ್ಪಟೆಯಾಗಿ ಹಾಸಿದ್ದ ಬಟ್ಟೆಯನ್ನು ದಾರವು ಅಲ್ಲಲ್ಲಿ ಹತ್ತಿಯೊಳಕ್ಕೆ ಅದುಮುವುದರಿಂದ ಬಟ್ಟೆಯ ಮೇಲೆ ಪುಟ್ಟ ಪುಟ್ಟ ದಿಬ್ಬಗಳೂ ತಗ್ಗುಗಳೂ ಉಂಟಾಗುತ್ತವೆ. ಎರಡು ಊರುಗಳ ನಡುವೆ ಹಕ್ಕಿ ನೇರವಾಗಿ ಹಾರುವ ದೂರಕ್ಕಿಂತ ಘಟ್ಟವನ್ನು ಹತ್ತಿ ಇಳಿಯುವ ದಾರಿ ಉದ್ದವಲ್ಲವೇ? ಹಾಗೆಯೇ ದಿಬ್ಬ ತಗ್ಗುಗಳನ್ನು ಹತ್ತಿ ಇಳಿಯುವ ಬಟ್ಟೆಗೆ ಹೆಚ್ಚು ಉದ್ದ ಬೇಕಾಗುತ್ತದೆ. ಹೊಲಿಗೆ ದಟ್ಟವಾದಷ್ಟೂ, ನಡುವಿನ ಪದರ ದಪ್ಪವಾದಷ್ಟೂ ಈ ಎಳೆತ ಹೆಚ್ಚು. ಹೊಲಿಯುವ ಮುನ್ನ ಸರಿಸಮನಾಗಿದ್ದ ಅಡಿಬಟ್ಟೆ ಹೊಲಿದ ಮೇಲೆ ಸಾಲದೆ ಹೋಗುವುದು ಈ ಕಾರಣದಿಂದಲೇ.

ಇನ್ನು ಅಳೆಯುವ ಕ್ರಮವನ್ನು ಒಂದು ಉದಾಹರಣೆಯಿಂದ ನೋಡಬಹುದು. ಆರು ಅಂಗುಲದ ಚೌಕಗಳಿಂದ ಒಂದು ಮೇಲ್ಬಟ್ಟೆಯನ್ನು ಜೋಡಿಸಲಾಗಿದೆ ಎಂದಿಟ್ಟುಕೊಳ್ಳೋಣ. ಅಡ್ಡಕ್ಕೆ 10 ಚೌಕಗಳು, ಉದ್ದಕ್ಕೆ 12 ಚೌಕಗಳು. ಲೆಕ್ಕದ ಪ್ರಕಾರ ಅದರ ಅಗಲ 60 ಅಂಗುಲ, ಉದ್ದ 72 ಅಂಗುಲ. ಈ ಲೆಕ್ಕವನ್ನೇ ನಂಬಿ ಅಂಗಡಿಗೆ ಹೋಗುವವರು ಎಡವುತ್ತಾರೆ. ಏಕೆಂದರೆ ಒಂದೊಂದು ಚೌಕದಲ್ಲಿಯೂ ಅಂಗುಲದ ಎಂಟನೆಯ ಒಂದು ಭಾಗದಷ್ಟು ವ್ಯತ್ಯಾಸವಾಗಿದ್ದರೆ ಹತ್ತು ಚೌಕಗಳ ಸಾಲಿನಲ್ಲಿ ಅದು ಒಂದೂಕಾಲು ಅಂಗುಲವಾಗುತ್ತದೆ. ಆದುದರಿಂದ ಕಾಗದದ ಮೇಲಿನ ಲೆಕ್ಕವನ್ನಲ್ಲ, ಮುಗಿದು ಇಸ್ತ್ರಿಯಾದ ಬಟ್ಟೆಯನ್ನೇ ಅಳೆಯಬೇಕು. ಅದನ್ನು ಸಮತಟ್ಟಾದ ನೆಲದ ಮೇಲೆ ಎಳೆಯದೆ ಹಾಸಬೇಕು. ಅಗಲವನ್ನು ಮೇಲ್ತುದಿಯಲ್ಲಿ, ನಡುವೆ, ಕೆಳತುದಿಯಲ್ಲಿ ಹೀಗೆ ಮೂರು ಕಡೆ ಅಳೆಯಬೇಕು. ಉದ್ದವನ್ನೂ ಎಡದಲ್ಲಿ, ನಡುವೆ, ಬಲದಲ್ಲಿ ಅಳೆಯಬೇಕು. ಕೈಯಾಡಿದಂತೆ ಅಂಚುಗಳು ಹಿಗ್ಗುವುದರಿಂದ ಈ ಮೂರು ಅಳತೆಗಳು ಒಂದೇ ಆಗಿರುವುದು ಅಪರೂಪ. ಅವುಗಳಲ್ಲಿ ಅತಿ ದೊಡ್ಡದನ್ನೇ ಲೆಕ್ಕಕ್ಕೆ ಹಿಡಿಯಬೇಕು.

ಮೇಲ್ಬಟ್ಟೆ ನಿಜವಾಗಿಯೂ 60 ಅಂಗುಲಕ್ಕೆ 72 ಅಂಗುಲವೇ ಇದೆ ಎಂದಾದರೆ ಅಡಿಬಟ್ಟೆಯ ಅಳತೆ ಎಷ್ಟು? ಅವಸರದಲ್ಲಿ ನಾಲ್ಕನ್ನು ಕೂಡಿಸಿ 64 ಮತ್ತು 76 ಎಂದು ಹೇಳುವವರಿದ್ದಾರೆ. ತೋಟದ ಸುತ್ತ ಹಾದಿ ಮಾಡುವ ಲೆಕ್ಕವನ್ನು ಶಾಲೆಯಲ್ಲಿ ಕಲಿತವರು ಈ ತಪ್ಪನ್ನು ಮಾಡಲಾರರು. ಹಾದಿಯ ಅಗಲ ತೋಟದ ಎರಡು ಬದಿಗೂ ಸೇರುವಂತೆ ಇಲ್ಲಿಯೂ ನಾಲ್ಕು ಅಂಗುಲ ಎರಡು ಬದಿಗೂ ಸೇರುತ್ತದೆ. ಆದುದರಿಂದ ಕೂಡಿಸಬೇಕಾದುದು ನಾಲ್ಕಲ್ಲ, ಎಂಟು. ಅಡಿಬಟ್ಟೆಯ ಅಳತೆ 68 ಅಂಗುಲಕ್ಕೆ 80 ಅಂಗುಲ. ಮೆಟ್ರಿಕ್ ಪದ್ಧತಿಯಲ್ಲಿ ಇದು ಸುಮಾರು 173 ಸೆಂಟಿಮೀಟರಿಗೆ 203 ಸೆಂಟಿಮೀಟರ್. ಅಮೆರಿಕದಲ್ಲಿ ಬಟ್ಟೆಯನ್ನು ಅಂಗುಲ ಮತ್ತು ಗಜಗಳಲ್ಲಿ ಅಳೆಯುವುದರಿಂದ ಮುಂದಿನ ಲೆಕ್ಕವನ್ನೂ ಅದೇ ರೀತಿ ಮಾಡುವುದು ಅನುಕೂಲ. 36 ಅಂಗುಲಕ್ಕೆ ಒಂದು ಗಜ.

ಇಲ್ಲಿ ಇನ್ನೊಂದು ತೊಡಕು ಎದುರಾಗುತ್ತದೆ. ಕ್ವಿಲ್ಟಿಗೆ ಬಳಸುವ ಹತ್ತಿಯ ಬಟ್ಟೆಯ ಅಗಲ ಸಾಮಾನ್ಯವಾಗಿ 42ರಿಂದ 44 ಅಂಗುಲ ಮಾತ್ರ. 68 ಅಂಗುಲ ಅಗಲದ ಅಡಿಬಟ್ಟೆಗೆ ಎರಡು ತುಂಡುಗಳನ್ನು ಜೋಡಿಸಲೇಬೇಕು. ಗಟ್ಟಿ ಅಂಚುಗಳನ್ನು ತೆಗೆದ ಮೇಲೆ ಉಪಯೋಗಕ್ಕೆ ಬರುವ ಅಗಲ 42 ಅಂಗುಲವೆಂದೂ, ಜೋಡಣೆಯ ಹೊಲಿಗೆಗೆ ಒಂದೊಂದು ತುಂಡಿನಿಂದ ಅರ್ಧ ಅಂಗುಲ ಹೋಗುತ್ತದೆಂದೂ ಭಾವಿಸಿದರೆ, ಎರಡು ತುಂಡುಗಳಿಂದ ದೊರೆಯುವ ಅಗಲ 83 ಅಂಗುಲ. ಈಗ ಜೋಡಣೆಯ ಗೆರೆ ಉದ್ದಕ್ಕೆ ಬರಬೇಕೇ, ಅಡ್ಡಕ್ಕೆ ಬರಬೇಕೇ? ಉದ್ದಕ್ಕೆ ಬರುವಂತೆ ಜೋಡಿಸಿದರೆ 80 ಅಂಗುಲದ ಎರಡು ತುಂಡುಗಳು, ಒಟ್ಟು 160 ಅಂಗುಲ, ಎಂದರೆ 4 ಗಜ 16 ಅಂಗುಲ ಬಟ್ಟೆ ಬೇಕು. ಅಡ್ಡಕ್ಕೆ ಬರುವಂತೆ ಜೋಡಿಸಿದರೆ 68 ಅಂಗುಲದ ಎರಡು ತುಂಡುಗಳು, ಒಟ್ಟು 136 ಅಂಗುಲ, ಎಂದರೆ 3 ಗಜ 28 ಅಂಗುಲ ಸಾಕು. ಬೇಕಾದುದು 80 ಅಂಗುಲ; ದೊರೆಯುವುದು 83. ಬಟ್ಟೆಯನ್ನು ಸುಮ್ಮನೆ ತಿರುಗಿಸಿ ಇಟ್ಟುದರಿಂದಲೇ 24 ಅಂಗುಲದ ಉಳಿತಾಯವಾಯಿತು.

ಅಡ್ಡ ಜೋಡಣೆಯಿಂದ ಇನ್ನೂ ಒಂದು ಪ್ರಯೋಜನವುಂಟು. ಜೋಡಣೆಯ ಗೆರೆ ಉದ್ದಕ್ಕೆ ಇದ್ದರೆ, ಉರುಳೆ ಸುತ್ತಿದಂತೆಲ್ಲ ಹೊಲಿಗೆಯ ದಪ್ಪ ಒಂದೇ ಜಾಗದಲ್ಲಿ ಸುತ್ತಿನ ಮೇಲೆ ಸುತ್ತಾಗಿ ಬಂದು ಕೂರುತ್ತದೆ. ನಡುವೆ ಉಬ್ಬು ಬೆಳೆದು ಇಬ್ಬದಿಯ ಬಟ್ಟೆ ಸಡಿಲವಾಗುತ್ತದೆ. ಗೆರೆ ಉರುಳೆಗೆ ಸಮಾನಾಂತರವಾಗಿದ್ದರೆ ಅದು ಒಂದೇ ಸುತ್ತಿನಲ್ಲಿ ಅಡಗಿಹೋಗುತ್ತದೆ.

ಹೀಗೆಂದ ಮಾತ್ರಕ್ಕೆ ಅಡ್ಡ ಜೋಡಣೆಯೇ ಎಲ್ಲ ಕಾಲಕ್ಕೂ ಸರಿ ಎಂದು ಭಾವಿಸಬಾರದು. ಮೇಲ್ಬಟ್ಟೆಯ ಉದ್ದ 72ರ ಬದಲು 80 ಅಂಗುಲವಿದ್ದರೆ ಅಡಿಬಟ್ಟೆಯ ಉದ್ದ 88 ಅಂಗುಲವಾಗುತ್ತದೆ. ಆಗ ಅಡ್ಡ ಜೋಡಣೆಯ 83 ಅಂಗುಲ ಸಾಲುವುದಿಲ್ಲ. ಉದ್ದಕ್ಕೆ ಜೋಡಿಸಿ, 88 ಅಂಗುಲದ ಎರಡು ತುಂಡುಗಳನ್ನು, ಒಟ್ಟು 4 ಗಜ 32 ಅಂಗುಲ ಬಟ್ಟೆಯನ್ನು ಕೊಳ್ಳಬೇಕಾಗುತ್ತದೆ. ಮೇಲ್ಬಟ್ಟೆ ಬೆಳೆದುದು ಎಂಟೇ ಅಂಗುಲ. ಬಟ್ಟೆ ಹೆಚ್ಚಿದುದು ಒಂದು ಗಜಕ್ಕಿಂತಲೂ ಅಧಿಕ. ಒಬ್ಬರಿಗೆ ಸಾಕಾದ ಬಟ್ಟೆ ಇನ್ನೊಬ್ಬರಿಗೂ ಸಾಕಾಗುತ್ತದೆಂದು ಕೇಳಿ ತಿಳಿದು ಕೊಳ್ಳುವುದರ ಅಪಾಯ ಇದರಿಂದ ಸ್ಪಷ್ಟವಾಗುತ್ತದೆ. ಪ್ರತಿಯೊಂದು ಹೊದಿಕೆಗೂ ಅದರದೇ ಆದ ಲೆಕ್ಕ ಬೇಕು. ಜೋಡಣೆಯೇ ಬೇಡವೆನ್ನುವವರಿಗಾಗಿ 108 ಅಂಗುಲ ಅಗಲದ ಬಟ್ಟೆಯೂ ಅಲ್ಲಿ ದೊರೆಯುತ್ತದೆ. ಮೊದಲಿನ ಉದಾಹರಣೆಗೆ ಅದರಲ್ಲಿ ಎರಡು ಗಜಕ್ಕಿಂತ ಕಡಿಮೆಯೇ ಸಾಕು.

ಅಳತೆಯನ್ನು ಕೆಡಿಸುವ ಇನ್ನೊಂದು ಸಂಗತಿ ನೀರು. ಹತ್ತಿಯ ಬಟ್ಟೆ ಮೊದಲ ಒಗೆತದಲ್ಲಿ ಕುಗ್ಗುತ್ತದೆ. ಈ ಕುಗ್ಗುವಿಕೆ ಸಾಮಾನ್ಯವಾಗಿ ಶೇಕಡ 3ರಿಂದ 5ರವರೆಗೆ ಇರುವುದುಂಟು. ಮೇಲಿನ ಲೆಕ್ಕದಲ್ಲಿ ಕಂಡ ಮೂರು ಅಂಗುಲದ ಹೆಚ್ಚಳವನ್ನೇ ತೆಗೆದುಕೊಳ್ಳಬಹುದು. ಅಗಲದಲ್ಲಿ ಬಟ್ಟೆ ಶೇಕಡ 3ರಷ್ಟು ಕುಗ್ಗಿದರೆ 83 ಅಂಗುಲ ಎಂಬುದು ಎಂಬತ್ತೂವರೆಗೆ ಇಳಿಯುತ್ತದೆ. ಕೆಲಸ ಹೇಗೋ ಸಾಗುತ್ತದೆ. ಶೇಕಡ 5ರಷ್ಟು ಕುಗ್ಗಿದರೆ ಎಪ್ಪತ್ತೊಂಬತ್ತಕ್ಕಿಂತ ಕೆಳಗಿಳಿಯುತ್ತದೆ, ಕೆಲಸ ಕೆಡುತ್ತದೆ. ಆದುದರಿಂದ ಅಡಿಬಟ್ಟೆಯನ್ನು ಮೊದಲೇ ಒಗೆಯುವುದಾದರೆ ಒಗೆದು ಒಣಗಿಸಿ ಇಸ್ತ್ರಿ ಮಾಡಿದ ಮೇಲೆಯೇ ಅಳೆದು ಕತ್ತರಿಸಬೇಕು. ಕೊಳ್ಳುವಾಗಲೇ ಕುಗ್ಗುವಿಕೆಗೆ ಅವಕಾಶವಿಟ್ಟು ಕೊಳ್ಳಬೇಕು.

ನೇಯ್ಗೆಯ ಗುಣವನ್ನೂ ಅರಿತಿರುವುದು ಅವಶ್ಯಕ. ಬಟ್ಟೆ ಎಂದರೆ ಹಾಸು ಮತ್ತು ಹೊಕ್ಕುಗಳ ಕೂಡಿಕೆ. ಮಗ್ಗದ ಮೇಲೆ ಉದ್ದಕ್ಕೆ ಬಿಗಿದ ಹಾಸಿನ ಎಳೆಗಳು ಅಷ್ಟಾಗಿ ಹಿಗ್ಗುವುದಿಲ್ಲ. ಅಡ್ಡಕ್ಕೆ ಬಂದ ಹೊಕ್ಕಿನ ಎಳೆಗಳು ತುಸು ಹಿಗ್ಗುತ್ತವೆ. ಮೂಲೆಯಿಂದ ಮೂಲೆಗೆ ಎಳೆದರಂತೂ ಬಟ್ಟೆ ರಬ್ಬರಿನಂತೆ ಜಗ್ಗುತ್ತದೆ. ಬಟ್ಟೆಯ ಎರಡು ಪಕ್ಕಗಳಲ್ಲಿ ಎಳೆಗಳು ದಟ್ಟವಾಗಿ ಕೂಡಿದ ಗಟ್ಟಿ ಅಂಚು ಇರುತ್ತದೆ. ಅದು ಉಳಿದ ಬಟ್ಟೆಯಂತೆ ಹಿಗ್ಗುವುದೂ ಇಲ್ಲ, ಕುಗ್ಗುವುದೂ ಇಲ್ಲ. ನೇರವಾಗಿ ಕಾಣುತ್ತದೆಂಬ ಕಾರಣದಿಂದ ಆ ಅಂಚುಗಳನ್ನೇ ಸೇರಿಸಿ ಹೊಲಿದರೆ, ಒಗೆದ ಮೇಲೆ ಜೋಡಣೆಯ ಉದ್ದಕ್ಕೂ ಬಟ್ಟೆ ಸುಕ್ಕುಗಟ್ಟುತ್ತದೆ. ಜೋಡಿಸುವ ಮುನ್ನ ಆ ಅಂಚನ್ನು ಕತ್ತರಿಸಿ ತೆಗೆಯಲೇಬೇಕು.

ಅಳತೆ ಸರಿಯಾಗಿದ್ದ ಮಾತ್ರಕ್ಕೆ ಆಕಾರ ಸರಿಯಾಗಿರಬೇಕೆಂದಿಲ್ಲ. ನಾಲ್ಕು ಬದಿಗಳೂ ಹೇಳಿದ ಅಳತೆಯಲ್ಲಿಯೇ ಇದ್ದು, ಮೂಲೆಗಳು ಮಾತ್ರ ವಾಲಿರಬಹುದು. ಅಂಥ ಬಟ್ಟೆಯನ್ನು ಉರುಳೆಗೆ ಸುತ್ತಿದರೆ ಒಂದು ಬದಿ ಬಿಗಿಯಾಗಿ, ಮತ್ತೊಂದು ಬದಿ ಜೋಲು ಬೀಳುತ್ತದೆ. ಜೋಲು ಬಿದ್ದ ಕಡೆ ಹೊಲಿಗೆಯ ಕೆಳಗೆ ಮಡಿಕೆಗಳು ಸೇರಿಕೊಳ್ಳುತ್ತವೆ. ಇದನ್ನು ಪತ್ತೆಹಚ್ಚುವ ಉಪಾಯ ಸುಲಭವಾದುದು. ಒಂದು ಮೂಲೆಯಿಂದ ಎದುರು ಮೂಲೆಗೆ ಕರ್ಣವನ್ನು ಅಳೆಯಬೇಕು. ಅನಂತರ ಇನ್ನೆರಡು ಮೂಲೆಗಳ ನಡುವಿನ ಕರ್ಣವನ್ನು ಅಳೆಯಬೇಕು. ಎದುರು ಬದಿಗಳು ಸಮವಾಗಿದ್ದು ಕರ್ಣಗಳೂ ಸಮವಾಗಿದ್ದರೆ ಅದು ಆಯತ, ಇಲ್ಲವಾದರೆ ಅಲ್ಲ. ಕರ್ಣ ಎಷ್ಟಿರಬೇಕೆಂಬುದನ್ನು ಮೊದಲೇ ತಿಳಿಯುವುದೂ ಸಾಧ್ಯ. 68ರ ವರ್ಗ 4624. 80ರ ವರ್ಗ 6400. ಎರಡರ ಮೊತ್ತ 11024. ಇದು 105ರ ವರ್ಗವಾದ 11025ಕ್ಕೆ ಒಂದು ಮಾತ್ರ ಕಡಿಮೆ. ಎಂದರೆ ಈ ಅಡಿಬಟ್ಟೆಯ ಕರ್ಣ 105 ಅಂಗುಲವಿರಬೇಕು. ಪೈಥಾಗೊರಸನ ಪ್ರಮೇಯ ಕಪ್ಪುಹಲಗೆಯ ಮೇಲೆ ಮಾತ್ರ ಸತ್ಯವಲ್ಲ. ನೆಲದ ಮೇಲೆ ಹಾಸಿದ ಬಟ್ಟೆಗೂ ಅದು ಅಷ್ಟೇ ಸತ್ಯ.

ಇಷ್ಟೆಲ್ಲ ಲೆಕ್ಕ ನಮ್ಮ ಕೌದಿ ಹೊಲಿಯುವ ಹೆಂಗಸರಿಗೆ ಏಕೆ ಬೇಕಾಗಲಿಲ್ಲ ಎಂಬ ಪ್ರಶ್ನೆ ಇಲ್ಲಿ ಸಹಜವಾಗಿಯೇ ಏಳುತ್ತದೆ. ಅವರಿಗೂ ಅಳತೆ ಬೇಕಾಗಿತ್ತು. ಆದರೆ ಅವರ ಅಳತೆಗೋಲು ಬೇರೆ. ಚೋಟು, ಗೇಣು, ಮೊಳ, ಮಾರು ಇವೆಲ್ಲ ಅವರ ಕೈಯಲ್ಲಿಯೇ ಇದ್ದವು. ಉತ್ತರ ಕನ್ನಡ ಜಿಲ್ಲೆಯ ಹಳಿಯಾಳ, ಯಲ್ಲಾಪುರ, ಮುಂಡಗೋಡ ತಾಲ್ಲೂಕುಗಳಲ್ಲಿ ನೆಲೆಸಿರುವ ಸಿದ್ದಿ ಜನಾಂಗದ ಹೆಂಗಸರ ಕೌದಿಗಳು ಇಂದು ದೇಶವಿದೇಶಗಳಲ್ಲಿ ಹೆಸರು ಪಡೆದಿವೆ. ಅವರು ಮೇಲ್ಬಟ್ಟೆಯನ್ನು ಮೊದಲೇ ಜೋಡಿಸಿ ಇಟ್ಟುಕೊಳ್ಳುವುದಿಲ್ಲ. ಅಡಿಬಟ್ಟೆಯನ್ನು ಹಾಸಿ, ಅಂಚಿನಿಂದ ಹೊಲಿಗೆಯನ್ನು ಆರಂಭಿಸಿ, ಸುತ್ತುತ್ತ ಸುತ್ತುತ್ತ ನಡುವಿನ ಕಡೆಗೆ ಸಾಗುತ್ತಾರೆ. ಸಾಗಿದಂತೆಲ್ಲ ಒಂದೊಂದು ತುಂಡನ್ನು ಇಟ್ಟು ಹೊಲಿಯುತ್ತಾರೆ. ನಾಲ್ಕು ಮೂಲೆಗಳಿಗೂ 'ಫೂಲ' ಎಂಬ ತ್ರಿಕೋನಾಕಾರದ ಬಟ್ಟೆಯ ಹೂವನ್ನು ಇಡುತ್ತಾರೆ. ತುಂಡು ಚಿಕ್ಕದಾದರೆ ಪಕ್ಕದಲ್ಲಿ ಇನ್ನೊಂದು. ದೊಡ್ಡದಾದರೆ ಒಂದು ಮಡಿಕೆ. ಬಟ್ಟೆ ಎಲ್ಲಿ ಜಗ್ಗುತ್ತಿದೆ, ಎಲ್ಲಿ ಸಡಿಲವಾಗಿದೆ ಎಂಬುದು ಬೆರಳಿಗೆ ತಿಳಿಯುತ್ತದೆ. ಬೆರಳು ಅದನ್ನು ಅಲ್ಲಿಯೇ ಸರಿಪಡಿಸುತ್ತದೆ.

ಕೈಗೂ ಯಂತ್ರಕ್ಕೂ ಇರುವ ಮುಖ್ಯ ವ್ಯತ್ಯಾಸ ಇದೇ. ಕೈ ಹೊಲಿಯುತ್ತಲೇ ಅಳೆಯುತ್ತದೆ, ಅಳೆಯುತ್ತಲೇ ತಿದ್ದುತ್ತದೆ. ಯಂತ್ರಕ್ಕೆ ವೇಗವಿದೆ, ಒಂದೇ ಸಮನಾದ ಹೊಲಿಗೆ ಇದೆ, ದಣಿವು ಎಂಬುದಿಲ್ಲ. ಆದರೆ ಸಾಲದ ಬಟ್ಟೆಯನ್ನು ಸಾಲುವಂತೆ ಮಾಡುವ ಜಾಣ್ಮೆ ಅದಕ್ಕಿಲ್ಲ. ಕೈ ಕೆಲಸದ ನಡುವೆ ಮಾಡುತ್ತಿದ್ದ ಆಲೋಚನೆಯನ್ನೆಲ್ಲ ಯಂತ್ರದ ಮುಂದೆ ಕೂರುವವರು ಕೆಲಸಕ್ಕೆ ಮುಂಚೆಯೇ ಮಾಡಿ ಮುಗಿಸಬೇಕು. ಯಂತ್ರ ಬಂದುದರಿಂದ ಶ್ರಮ ಕಡಿಮೆಯಾಯಿತೆಂಬುದು ನಿಜ. ಎಚ್ಚರ ಕಡಿಮೆಯಾಗಬಹುದೆಂಬುದು ಮಾತ್ರ ನಿಜವಲ್ಲ.

ಹೊಲಿಗೆಯೆಲ್ಲ ಮುಗಿದು ಹೊದಿಕೆಯನ್ನು ಚೌಕಟ್ಟಿನಿಂದ ಇಳಿಸಿದ ಮೇಲೆ, ಸುತ್ತಲೂ ಹೆಚ್ಚಾಗಿ ಉಳಿದ ಅಡಿಬಟ್ಟೆಯನ್ನು ಕತ್ತರಿಸಿ ತೆಗೆದು, ಅಂಚಿಗೆ ಪಟ್ಟಿ ಕೂಡಿಸುತ್ತಾರೆ. ಅಷ್ಟು ಎಚ್ಚರಿಕೆಯಿಂದ ಅಳೆದು ಬಿಟ್ಟಿದ್ದ ನಾಲ್ಕು ನಾಲ್ಕು ಅಂಗುಲ ಕೊನೆಗೆ ಕತ್ತರಿಯ ಪಾಲಾಗುತ್ತದೆ. ನೋಡಿದವರಿಗೆ ಅದು ವ್ಯರ್ಥವೆಂದು ತೋರಬಹುದು. ಆದರೆ ಉರುಳೆಯ ಬಿಗಿತವನ್ನೂ, ಕ್ಲಿಪ್ಪುಗಳ ಹಿಡಿತವನ್ನೂ, ಹೊಲಿಗೆಯ ಎಳೆತವನ್ನೂ ತಾಳಿಕೊಂಡು, ಮೇಲ್ಬಟ್ಟೆಯ ಒಂದು ಎಳೆಗೂ ಊನ ಬಾರದಂತೆ ಕಾಪಾಡಿದುದು ಆ ಅಂಚೇ. ಮನೆ ಕಟ್ಟುವಾಗ ಹಾಕಿದ ಸಾರುವೆ ಮನೆ ಮುಗಿದ ಮೇಲೆ ಉಳಿಯುವುದಿಲ್ಲ. ಸಾರುವೆಯಿಲ್ಲದೆ ಗೋಡೆ ಏಳುವುದೂ ಇಲ್ಲ. ಹೊದಿಕೆಯನ್ನು ಹೊದ್ದು ಮಲಗುವವರ ಕಣ್ಣಿಗೆ ಆ ನಾಲ್ಕು ಅಂಗುಲ ಎಂದೂ ಬೀಳದು. ಅದನ್ನು ಅಳೆದು ಬಿಟ್ಟವರಿಗೆ ಮಾತ್ರ ಅದರ ಬೆಲೆ ಗೊತ್ತು.

ಅಭ್ಯಾಸ

ಅ) ಒಂದು ವಾಕ್ಯದಲ್ಲಿ ಉತ್ತರಿಸಿ.
1. ಕ್ವಿಲ್ಟಿನ ಮೂರು ಪದರಗಳು ಯಾವುವು?
2. ನೀಳತೋಳಿನ ಯಂತ್ರಕ್ಕೂ ಮನೆಯ ಹೊಲಿಗೆಯಂತ್ರಕ್ಕೂ ಇರುವ ಮುಖ್ಯ ವ್ಯತ್ಯಾಸವೇನು?
3. ಸಿದ್ದಿ ಹೆಂಗಸರು ಕೌದಿಯ ಹೊಲಿಗೆಯನ್ನು ಎಲ್ಲಿಂದ ಆರಂಭಿಸುತ್ತಾರೆ?

ಆ) ಮೂರು ನಾಲ್ಕು ವಾಕ್ಯಗಳಲ್ಲಿ ಉತ್ತರಿಸಿ.
1. ಮೇಲ್ಬಟ್ಟೆಯನ್ನು ಮೂರು ಕಡೆ ಅಳೆಯಬೇಕೆನ್ನಲು ಕಾರಣವೇನು?
2. ಹೊಲಿಗೆ ಬಿದ್ದಂತೆ ಬಟ್ಟೆ ಒಳಕ್ಕೆ ಎಳೆಯಲ್ಪಡುವುದನ್ನು ಪಾಠದಲ್ಲಿ ಯಾವ ಹೋಲಿಕೆಯಿಂದ ವಿವರಿಸಲಾಗಿದೆ?
3. 'ಕೈ ಹೊಲಿಯುತ್ತಲೇ ಅಳೆಯುತ್ತದೆ' ಎಂಬ ಮಾತನ್ನು ವಿವರಿಸಿ.

ಇ) ಲೆಕ್ಕ ಮಾಡಿ.
ಒಂದು ಮೇಲ್ಬಟ್ಟೆಯ ಅಗಲ 48 ಅಂಗುಲ, ಉದ್ದ 64 ಅಂಗುಲ. ಉಪಯೋಗಕ್ಕೆ ಬರುವ ಬಟ್ಟೆಯ ಅಗಲ 42 ಅಂಗುಲ. ಅಡಿಬಟ್ಟೆಯ ಅಳತೆಯನ್ನು ಕಂಡುಹಿಡಿದು, ಜೋಡಣೆ ಉದ್ದಕ್ಕೆ ಬಂದರೆ ಎಷ್ಟು ಗಜ, ಅಡ್ಡಕ್ಕೆ ಬಂದರೆ ಎಷ್ಟು ಗಜ ಬೇಕೆಂಬುದನ್ನು ತಿಳಿಸಿ.

ಈ) ನಿಮ್ಮ ಮನೆಯಲ್ಲಿ ಇಲ್ಲವೆ ನೆರೆಮನೆಯಲ್ಲಿ ಇರುವ ಕೌದಿಯೊಂದನ್ನು ನೋಡಿ, ಅದರಲ್ಲಿ ಯಾರ ಯಾರ ಬಟ್ಟೆಗಳಿವೆ ಎಂಬುದನ್ನು ಹಿರಿಯರಿಂದ ಕೇಳಿ ತಿಳಿದು ಒಂದು ಪುಟದಷ್ಟು ಬರೆಯಿರಿ.